ಹತ್ತರಲ್ಲಿ ಎರಡು

ಅಪ್ಪಾ,

"ನಮ್ಮನೆಯವರ ಹಲ್ಲು ನಮಗಿಂತ ಮೊದಲೇ ಬಾಗಿಲು ದಾಟುತ್ತೆ" ಅಂತ ನಗುತ್ತಿದ್ದೆಯಲ್ಲ, ಆ ಹಲ್ಲಿಗೆ ನಲವತ್ತೊಂದನೇ ವಯಸ್ಸಿನಲ್ಲಿ ತಂತಿ ಹಾಕಿಸಿಕೊಂಡಿದ್ದೇನೆ. ಎರಡು ವರ್ಷದ ಕೆಲಸ ಎಂಟೇ ತಿಂಗಳಲ್ಲಿ ಮುಗಿಯಲೆಂದು ಹದಿನಾಲ್ಕು ದಿನದ ಹಿಂದೆ ಒಸಡು ಬಿಡಿಸಿ, ದವಡೆಯ ಮೂಳೆಗೆ ಸಣ್ಣ ಸಣ್ಣ ಗೀರು ಹಾಕಿದರು. ಆ ಗೀರು ಕೂಡಿಕೊಳ್ಳುವುದರೊಳಗೆ ಹಲ್ಲು ಸರಿಯಬೇಕು. ಹಾಗಾಗಿ ಎರಡು ವಾರಕ್ಕೊಮ್ಮೆ ತಂತಿ ಬಿಗಿಸುತ್ತಾರೆ. ಸಾಕು ಎಂದು ನಡುವೆ ಎದ್ದು ಬರುವಂತಿಲ್ಲ. ಅಗಿಯುವುದನ್ನು ಬಿಟ್ಟಿದ್ದೇನೆ, ಕುಡಿದೇ ಹೊಟ್ಟೆ ತುಂಬಿಸುತ್ತೇನೆ.

ಇವತ್ತು ಮೊದಲ ಸಲ ಬಿಗಿಸಿದರು. ತುಟಿ ಮುಚ್ಚದಂತೆ ಬಾಯಿಗೆ ಕ್ಲಿಪ್ಪು ಹಾಕಿದ್ದರು. ಕುರ್ಚಿಯ ಕೈ ಹಿಡಿದಿದ್ದ ನನ್ನ ಬೆರಳುಗಳು ಬಿಳಿಚಿಕೊಂಡಿದ್ದವು.

"ನೋವು ಹತ್ತರಲ್ಲಿ ಎಷ್ಟಮ್ಮಾ?" ಅಂತ ಡಾಕ್ಟರು ಕೇಳಿದರು.

ಎರಡು ಬೆರಳು ತೋರಿಸಿದೆ.

"ಪರವಾಗಿಲ್ವೇ, ಗಟ್ಟಿಗಿತ್ತಿ ನೀವು! ಹಾಗಾದ್ರೆ ಇನ್ನೊಂಚೂರು ಎಳೀತೀನಿ," ಎಂದು ಎಳೆದರು. ಫೈಲಿನಲ್ಲಿ ಎರಡು ಎಂದು ಬರೆದರು.

ಅವರ ತಪ್ಪೇನಿಲ್ಲ. ನಿನ್ನ ಕೊನೆಯ ತಿಂಗಳಲ್ಲಿ ನರ್ಸು ಕೊಟ್ಟಿದ್ದ ಹಾಳೆಯಲ್ಲಿ ನಾನೂ ಬರೆದದ್ದು ಹಾಗೆಯೇ. "ಇವತ್ತು ಎಷ್ಟಪ್ಪಾ?" ಎಂದರೆ ನಿನ್ನದು ಒಂದೇ ಉತ್ತರ: "ಎರಡು ಹಾಕ್ಕೋ ಪುಟ್ಟಿ. ಹೊರಡು, ಕೆಲಸಕ್ಕೆ ತಡ ಆಗುತ್ತೆ." ಹಾಳೆ ನೋಡಿದವರು ಔಷಧಿ ಹೆಚ್ಚಿಸಲಿಲ್ಲ.

ಆ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ. ಇಪ್ಪತ್ತಾರು ದಿನ, ಎಲ್ಲವೂ ನನ್ನ ಅಕ್ಷರ. ಮಂಚದ ಕಂಬಿ ಹಿಡಿದಿದ್ದ ನಿನ್ನ ಬೆರಳುಗಳೂ ಬಿಳಿಚಿಕೊಂಡಿದ್ದವು. ಅದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ.