ಮೂವತ್ತೆರಡು ಗೂಡಿನ ಪೆಟ್ಟಿಗೆ

ಮೈದುನನಿಗೆ,

ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ. ಬೇರೆ ಆಶೀರ್ವಾದ ಬರೆಯಲು ಕೈ ಏಳುತ್ತಿಲ್ಲ.

"ಅತ್ತಿಗೆ, ಅಣ್ಣ ಕೆತ್ತಿದ ಚದುರಂಗದ ಕಾಯಿಗಳನ್ನ ಪ್ರದರ್ಶನಕ್ಕೆ ಇಡಿಸ್ತೀನಿ. ದಾರೀಲಿ ಗೀರು ಬೀಳದ ಹಾಗೆ ಒಳಗೆ ಫೆಲ್ಟ್ ಬಟ್ಟೆ ಅಂಟಿಸಿಕೊಡಿ" ಎಂದು ನೀನು ಮರದ ಪೆಟ್ಟಿಗೆ ಬಿಟ್ಟುಹೋದೆ. ನಾನು ಖುಷಿಯಿಂದಲೇ ಕೆಲಸಕ್ಕೆ ಕೂತೆ. ಒಂದೊಂದು ಕಾಯಿಯನ್ನೂ ಅಳೆದು, ಬಟ್ಟೆಯ ದಪ್ಪಕ್ಕೆ ಎರಡೂ ಕಡೆ ಜಾಗ ಬಿಟ್ಟು, ಮೂವತ್ತೆರಡು ಗೂಡು ಮಾಡಿದೆ. ಕೊನೆಗೆ, ನೀನು ಜೊತೆಗಿಟ್ಟಿದ್ದ ಪೊಟ್ಟಣವನ್ನು ಮೊಳೆ ಇರಬೇಕೆಂದುಕೊಂಡು ಬಿಚ್ಚಿದೆ. ಮುಚ್ಚಳಕ್ಕೆ ಹೊಡೆಯುವ ಹಿತ್ತಾಳೆ ತಗಡು. ಅದರ ಮೇಲೆ, ಕೆತ್ತಿದವರು ಎಂದು ನಿನ್ನ ಹೆಸರು!

ನೀನು ಉಳಿ ಹಿಡಿದದ್ದನ್ನು ನಾನಂತೂ ಕಂಡಿಲ್ಲ. ತಗಡನ್ನು ನಿಮ್ಮಣ್ಣನಿಗೆ ತೋರಿಸಿದೆ. ನಡುಗುವ ಕೈಯಲ್ಲಿ ಅದನ್ನು ಒರೆಸಿ, "ಹೋಗ್ಲಿ ಬಿಡೇ, ನನ್ನ ಕೈಲಿ ಇನ್ನೇನು ಕೆತ್ತೋಕಾಗತ್ತೆ" ಎಂದರು. ಅವರು ಬಿಟ್ಟರೂ ನಾನು ಬಿಡುವವಳಲ್ಲ. ದಿನಾ ದೇವರಿಗೆ ದೀಪ ಹಚ್ಚುವ ಕೈಯಿಂದ ಈ ಸುಳ್ಳು ನಡೆಸಿಕೊಡಲಾರೆ.

ಪೆಟ್ಟಿಗೆ ಕಳಿಸಿದ್ದೇನೆ. ನಿನ್ನ ತಗಡನ್ನೂ ಹೊಡೆದಿದ್ದೇನೆ. ಗೂಡುಗಳು ಮಾತ್ರ ಖಾಲಿ ಇವೆ. ಕಾಯಿಗಳು ಕೆತ್ತಿದವರ ಮನೆಯಲ್ಲೇ ಇರುತ್ತವೆ.

ಪ್ರದರ್ಶನಕ್ಕೆ ಇನ್ನೂ ಹನ್ನೆರಡು ದಿನ ಇದೆ, ಕೂತು ಕೆತ್ತು. ರಾಜ ನಾಲ್ಕು ಬೆರಳು ಎತ್ತರ ಮೀರದಿರಲಿ, ಮುಚ್ಚಳ ತಾಗುತ್ತದೆ. ಕುದುರೆಯ ಕಿವಿ ಕೆತ್ತುವಾಗ ಉಸಿರು ಬಿಗಿಹಿಡಿ, ನಿಮ್ಮಣ್ಣ ಹಾಗೇ ಮಾಡುತ್ತಿದ್ದರು. ಅವರಿಗೆ ಒಂದೊಂದು ಕುದುರೆಗೂ ತಿಂಗಳು ಹಿಡಿದಿತ್ತು.

ಇಂತಿ,
ನಿಮ್ಮಣ್ಣನ ಹೆಂಡತಿ