ಮೇಲಿನ ಟೋಪಿ ಊರಿನ ಅಧಿಕೃತ ಇತಿಹಾಸ

ಮಂಗಳವಾರ, ಮಾರ್ಚ್ 4

ಇಂದು ಹೊರ್ನಿ ಕ್ಲೊಬೌಕಿ ಪಟ್ಟಣದ ಮೇಯರ್ ಬಿಯರ್ ಪೀಪಾಯಿಗೆ ಬಿದ್ದು ದಿವಂಗತರಾದರು. ಆತ್ಮಕ್ಕೆ ಶಾಂತಿ ಸಿಗಲಿ. ಕೊಂದವಳು ನಾನೇ — ಜೋಫ್ಕಾ, ಆಟದ ರೈಲು ಸಂಘದ ಅಧಿಕೃತ ಇತಿಹಾಸಕಾರ್ತಿ. ಪಟ್ಟಣ ಇರುವುದು ನೆಲಮಾಳಿಗೆಯ ಉದ್ದನೆಯ ಮೇಜಿನ ಮೇಲೆ. ಹೆಸರಿಗೆ ನಮ್ಮ ಚೆಕ್ ಭಾಷೆಯಲ್ಲಿ 'ಮೇಲಿನ ಟೋಪಿಗಳು' ಎಂದರ್ಥ. ಹೆಸರು ಇಟ್ಟವಳೂ, ಊರಿನ ಇತಿಹಾಸ ಹೊಸೆಯುವವಳೂ ನಾನೇ. ಟೋಪಿ ಹಾಕಲು ಇದಕ್ಕಿಂತ ಒಳ್ಳೆಯ ಊರು ಇಡೀ ಬೊಹೇಮಿಯಾದಲ್ಲಿಲ್ಲ.

ಸಂಜೆ ಅಧ್ಯಕ್ಷ ರಾದೊವಾನ್ ಬಗ್ಗಿ ನೋಡಿದರು. "ಇದೇನ್ರೀ, ಸಿಗ್ನಲ್ ಗೋಡೆ ನೋಡ್ತಾ ನಿಂತಿದೆ?"

ಅಂಟಿಸಿದ್ದು ಸಂಘದ ಹಿರಿಯ ಸದಸ್ಯ ಬೊಹುಸ್ಲಾವ್ ತಾತ. ನನ್ನ ಕೈಗೆ ಮೊದಲು ಬ್ರಷ್ ಕೊಟ್ಟವರು. ಈಗ ಕಣ್ಣು ಮಂಜು. ಗೊತ್ತಿರುವುದು ನನಗೊಬ್ಬಳಿಗೆ.

ಮುಖ ಗಂಭೀರ ಮಾಡಿಕೊಂಡೆ. "ಪಾದ್ರಿ ಮಲಗೋ ಕೋಣೆಗೆ ಕೆಂಪು ದೀಪ ಬೀಳ್ತಿತ್ತು, ಸರ್. ಊರಿನವ್ರು ತಪ್ಪು ತಿಳ್ಕೊಂಡ್ರು. ರೈಲ್ವೆಯವ್ರು ತಿರುಗಿಸಿಬಿಟ್ರು. ಇತಿಹಾಸದಲ್ಲಿದೆ."

ಎಲ್ಲ ನಕ್ಕರು. ಸಿಗ್ನಲ್ ಉಳಿಯಿತು. ತಾತನೂ ಉಳಿದರು.

ಗುರುವಾರ, ಮಾರ್ಚ್ 6

ಪ್ಲಾಟ್‌ಫಾರ್ಮ್ ತುಂಬ ಕುರಿ. ತಾತ ಪ್ರಯಾಣಿಕರ ಗೊಂಬೆಗಳ ಡಬ್ಬಿ ಅಂದುಕೊಂಡು ಕುರಿಗಳ ಡಬ್ಬಿ ತೆಗೆದಿದ್ದಾರೆ. ಸಾಲಾಗಿ, ಶಿಸ್ತಾಗಿ ಅಂಟಿಸಿದ್ದಾರೆ. ಪ್ರಯಾಣಿಕರು ಬೆಟ್ಟದಲ್ಲಿ ಮೇಯುತ್ತಿದ್ದಾರೆ.

"ಇದಕ್ಕೂ ಇತಿಹಾಸ ಇದ್ಯೇನಮ್ಮಾ?"

"ಉಣ್ಣೆ ಸಂತೆ ದಿನ, ಸರ್. ಕುರಿಗೆ ಸೀಟು, ಮನುಷ್ಯರಿಗೆ ನಡಿಗೆ."

ಈ ಸಲ ಅಧ್ಯಕ್ಷರು ನಗಲಿಲ್ಲ. ತಾತನಿಗೆ ಕೇಳುವಂತೆಯೇ ಹೇಳಿದರು: "ಶನಿವಾರ ಪ್ರದರ್ಶನ, ಬಹುಮಾನದ ಸ್ಪರ್ಧೆ ಬೇರೆ. ಇನ್ನೊಂದು ತಪ್ಪು ಕಂಡ್ರೆ ಬೊಹುಸ್ಲಾವ್ ಅವ್ರು ಟಿಕೆಟ್ ಕೌಂಟರಲ್ಲಿ ಕೂತ್ಕೊಳ್ಲಿ. ಮೇಜಿನ ಹತ್ರ ಬೇಡ."

ತಾತ ಕನ್ನಡಕ ಒರೆಸಿದರು. ಒರೆಸುತ್ತಲೇ ಇದ್ದರು. ಅವರು ಮನೆಯಿಂದ ಹೊರಡುವುದೇ ಆ ಮೇಜಿಗಾಗಿ.

ಶನಿವಾರ, ಮಾರ್ಚ್ 8, ಬೆಳಿಗ್ಗೆ

ಶೌಚಾಲಯದಲ್ಲಿ ಕೂತು ಬರೆಯುತ್ತಿದ್ದೇನೆ. ಸೇತುವೆಯ ಮೇಲೆ ಹಳಿ ಕೂಡಿಲ್ಲ! ನಿನ್ನೆ ತಾತ ಜೋಡಿಸಿದ್ದು. ಹೆಬ್ಬೆರಳಿನಷ್ಟು ಸಂದು. ರೈಲು ಬಂದರೆ ನೇರ ನದಿಗೆ. ಜನ ಬಂದಾಗಿದೆ. ತೀರ್ಪುಗಾರ್ತಿ ಪಕ್ಕದ ಮೇಜಿನಲ್ಲೇ ಇದ್ದಾರೆ. ಈಗ ರಿಪೇರಿಗೆ ಕೈ ಹಾಕಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಇತಿಹಾಸ ಬೇಕು. ತಕ್ಷಣ. ತಲೆ ಖಾಲಿ... ಯಾರೋ ಬಾಗಿಲು ಬಡಿಯುತ್ತಿದ್ದಾರೆ.

ಅದೇ ದಿನ, ಸಂಜೆ

ಬಾಗಿಲು ತೆಗೆದು ಮೇಜಿನತ್ತ ಓಡಿದೆ.

ಹೋಗುವಷ್ಟರಲ್ಲಿ ರೈಲು ಸುರಂಗದಿಂದ ಹೊರಬಿದ್ದಿತ್ತು. ಕಂಟ್ರೋಲರ್ ತಾತನ ಕೈಯಲ್ಲಿ. ಕಿವಿಯಲ್ಲಿ ಹೇಳಿದೆ: "ತಾತಾ, ಸೇತುವೆಗೆ ಮುಂಚೆ ನಿಲ್ಸಿ."

"ಯಾಕೆ?"

"ಮೇಯರ್ ಸತ್ತಿದ್ದಾರಲ್ಲ. ಮೌನಾಚರಣೆ."

"ಸೇತುವೆ ಎಲ್ಲಿ ಬರತ್ತೋ ನಂಗೆ ಕಾಣಲ್ಲ ಕಣೇ."

"ನಾನ್ ಹೇಳ್ತೀನಿ. ಇನ್ನೂ... ಇನ್ನೂ... ಈಗ!"

ಎಂಜಿನ್ ಸಂದಿನ ಅಂಚಿಗೆ ಬಂದು ನಿಂತಿತು. ತೀರ್ಪುಗಾರ್ತಿ ಬಗ್ಗಿದರು. "ಇಲ್ಲಿ ಯಾಕೆ ನಿಂತ್ಕೊಳ್ತು?"

ಬಾಯಿ ತೆರೆದೆ. ಮೇಯರ್, ಪೀಪಾಯಿ ಎಲ್ಲ ನಾಲಿಗೆಯ ತುದಿಯಲ್ಲಿ. ತಾತ ನನ್ನ ತೋಳು ಹಿಡಿದರು.

"ಆ ಊರಿನ ಡ್ರೈವರ್‌ಗೆ ಕಣ್ಣು ಹೋಗ್ತಿತ್ತು, ಅಮ್ಮಾವ್ರೇ. ಯಾರಿಗೂ ಹೇಳಿರ್ಲಿಲ್ಲ. ಹುಡುಗಿಯೊಬ್ಳು ಪಕ್ಕದಲ್ಲಿ ನಿಂತು ಸುಳ್ಳು ಹೇಳಿ ಹೇಳಿ ಕಾಪಾಡ್ತಿದ್ಲು. ಒಂದಿನ ಅವ್ನಿಗೇ ನಾಚಿಕೆ ಆಯ್ತು. ಗಾಡಿ ನಿಲ್ಲಿಸ್ದ."

ಅಧ್ಯಕ್ಷರು ಸೇತುವೆ ನೋಡಿದರು. ತಾತನನ್ನು ನೋಡಿದರು. ಆಮೇಲೆ ನನ್ನನ್ನು. "ಇದೂ ಇತಿಹಾಸದಲ್ಲಿ ಇದ್ಯಾ?"

"ಇಲ್ಲ ಸರ್," ಎಂದೆ. ಇದೇ ಮೊದಲ ಸಲ.

ಮಂಗಳವಾರ, ಮಾರ್ಚ್ 11

ಬಹುಮಾನ ಬರಲಿಲ್ಲ. ಹೋಗುವುದೋ ಬೇಡವೋ ಎಂದು ಮೆಟ್ಟಿಲ ಮೇಲೆಯೇ ನಿಂತಿದ್ದೆ. ಕೊನೆಗೆ ಇಳಿದೆ. ಮೇಜಿನ ಬಳಿ ತಾತ, ತಾತನ ಕುರ್ಚಿ. ಪಕ್ಕದಲ್ಲಿ ಇನ್ನೊಂದು ಕುರ್ಚಿ, ಖಾಲಿ. ಅಧ್ಯಕ್ಷರೇ ಎಳೆದು ತಂದರಂತೆ. ಹಳಿ ಕೂಡಿದೆ. ಸಿಗ್ನಲ್ ಮಾತ್ರ ಇನ್ನೂ ಗೋಡೆ ನೋಡುತ್ತಿದೆ. "ಅದು ಪಾದ್ರಿ ಮರ್ಯಾದೆ ಪ್ರಶ್ನೆ, ಯಾರೂ ಮುಟ್ಬೇಡಿ" ಎಂದಿದ್ದಾರೆ ಅಧ್ಯಕ್ಷರು.

ಖಾಲಿ ಕುರ್ಚಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ತಾತ ಮೊಣಕೈಯಿಂದ ತಿವಿಯುತ್ತಿದ್ದಾರೆ. "ಏ ಇತಿಹಾಸಾ! ಈ ಡಬ್ಬಿ ಕೆಂಪೋ ಹಸಿರೋ? ಚರ್ಚಿನ ಚಾವಣಿಗೆ ಬಳೀತಾ ಇದೀನಿ."

ತಾತಾ, ತಡೀರಿ, ಅದು —