ಇಳಿತದ ನೀರು

ಮಾರ್ಚ್ 3
ಬಾಟಲಿ ತೊಳೆದೆ, ಲೇಬಲ್ ಅಂಟಿಸಿದೆ. ಕಡಲ ನೀರಿನ ಫಾಸ್ಫೇಟ್ ಪರೀಕ್ಷೆ — ಔಷಧಿ ಹಾಕಿದಾಗ ಕೊಳಕು ಹೆಚ್ಚಿದ್ದಷ್ಟೂ ನೀಲಿಯಾಗಬೇಕು. ಆಗಲಿಲ್ಲ. ವರ್ಷವಿಡೀ ಇದೇ ಹಾಡು. ಲ್ಯಾಬಿನ ಸಾಹೇಬರು, "ನೀರು ಚೆನ್ನಾಗಿದೆ. ನಿಮ್ಮಕ್ಕನಿಗೆ ಸಾಕೋದು ಬರಲ್ಲ, ಅಷ್ಟೇ" ಅಂದರು. ಮೈಯೆಲ್ಲ ಉರಿಯಿತು. ಕಪ್ಪೆಚಿಪ್ಪು ಸಾಕಲು ಅಕ್ಕ ಕಡಲಿಗೆ ಇಳಿಬಿಟ್ಟ ಹಗ್ಗಗಳಿಗೆ ಪಾಚಿ ಮೆತ್ತಿ, ಚಿಪ್ಪುಗಳೆಲ್ಲ ಬಾಯಿಬಿಟ್ಟು ಸಾಯುತ್ತಿವೆ. ಹೀಗೇ ಆದರೆ ತಿಂಗಳ ಕೊನೆಗೆ ಅವಳ ಲೈಸೆನ್ಸ್ ರದ್ದಂತೆ.

ಮಾರ್ಚ್ 5
ಜೆಟ್ಟಿಯಲ್ಲಿ ಕಾದದ್ದೇ ಕಾದದ್ದು. ಬೋಟಿನಣ್ಣ, "ನೀರು ಏರ್ಲಿ ಮೇಡಂ, ಈಗ ಹೊರಟ್ರೆ ಕೆಸರಲ್ಲಿ ಹೂತ್ಕೋತೀವಿ" ಅಂದ. ತಟ್ಟನೆ ಹೊಳೆಯಿತು. ನಾವು ಯಾವತ್ತೂ ಉಬ್ಬರದಲ್ಲೇ ನೀರು ತೆಗೆಯುವುದು! ಆಗ ಹೊರಗಡಲಿನ ಶುದ್ಧ ನೀರು ಅಳಿವೆಯೊಳಗೆ ನುಗ್ಗಿ ಕೊಳಕನ್ನು ತೆಳುವಾಗಿಸಿರುತ್ತದೆ. ಇಳಿತದಲ್ಲಿ ಹೋದವರೇ ಇಲ್ಲ. ಇಷ್ಟು ದಿನ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ...

ಮಾರ್ಚ್ 6, ಸಂಜೆ
ಇಳಿತದಲ್ಲಿ ನಡೆದೇ ಹೋದೆ. ಮೊಣಕಾಲುದ್ದ ಕೆಸರು. ಒಂದು ಚಪ್ಪಲಿ ಕಡಲಿನ ಪಾಲು. ಊರ ಚರಂಡಿ ಕೊಳವೆಯ ಬಾಯಿಂದ ಅಕ್ಕನ ಹಗ್ಗಗಳವರೆಗೂ ಅಲ್ಲಲ್ಲಿ ನೀರು ತುಂಬಿಕೊಂಡೆ.
ಲ್ಯಾಬಿಗೆ ಬಂದು ಔಷಧಿ ಹಾಕಿದೆ. ಕಾದೆ... ನೀಲಿ! ಶಾಯಿ ಚೆಲ್ಲಿದಂಥ ನೀಲಿ! ಕೂಗಿಯೇಬಿಟ್ಟೆ.
ಸಾಹೇಬರು, "ಬಾಟಲಿ ಸೋಪಲ್ಲಿ ತೊಳೆದಿರ್ತೀರಾ. ಸೋಪಲ್ಲೂ ಫಾಸ್ಫೇಟ್ ಇರುತ್ತೆ" ಅಂದರು.
"ಆಸಿಡ್‌ನಲ್ಲಿ ತೊಳೆದಿದ್ದು ಸಾರ್. ನಂಬಿಕೆ ಇಲ್ದಿದ್ರೆ ನೀವೇ ತೊಳೀರಿ, ನೀವೇ ಬನ್ನಿ."
ಅಂದದ್ದಾಯಿತು. ಖಾಲಿ ಬಾಟಲಿಯೊಂದನ್ನು ಅವರ ಮುಂದಿಟ್ಟು ಬಂದೆ.

ಮಾರ್ಚ್ 7
ಬಂದರು! ಪ್ಯಾಂಟು ಮಡಚಿಕೊಂಡು, ಬಾಟಲಿ ಎದೆಗವಚಿಕೊಂಡು. ಕೊಳವೆಯ ಹತ್ತಿರ ದೊಪ್ಪನೆ ಕೆಸರಲ್ಲಿ ಕೂತೇಬಿಟ್ಟರು. ನಗಬಾರದಿತ್ತು, ನಕ್ಕೆ. ಅವರೂ ನಕ್ಕರು. ಬಾಟಲಿ ಮಾತ್ರ ಬಿಡಲಿಲ್ಲ.
ಅವರ ಕೈಯಾರೆ ತುಂಬಿದ ನೀರೂ ನೀಲಿ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ವರದಿ ನಿಮ್ಮ ಹೆಸರಲ್ಲೇ ಬರೀರಿ. ಲೈಸೆನ್ಸ್ ವಿಷಯ ನಾನು ಮಾತಾಡ್ತೀನಿ" ಅಂದರು.

ಏಪ್ರಿಲ್ 29
ಬರೆಯಲು ಪುರುಸೊತ್ತೇ ಇರಲಿಲ್ಲ. ವರದಿ ಹೋದ ಮೇಲೆ, ಕೆಟ್ಟು ನಿಂತಿದ್ದ ಊರ ಚರಂಡಿ ಶುದ್ಧೀಕರಣ ಘಟಕ ರಿಪೇರಿಯಾಯಿತು. ಅಕ್ಕನ ಲೈಸೆನ್ಸ್ ಉಳಿಯಿತು. ಇನ್ನು ಮೇಲೆ ತಿಂಗಳಿಗೊಮ್ಮೆ ಇಳಿತದಲ್ಲೂ ನೀರು ತೆಗೆಯಬೇಕೆಂದು ಆದೇಶ. ಇವತ್ತಿನ ಇಳಿತದ ನೀರಿಗೆ ಔಷಧಿ ಹಾಕಿ ಕಣ್ಣು ಮಿಟುಕಿಸದೆ ನೋಡಿದೆ. ಬಣ್ಣ ಏರಲೇ ಇಲ್ಲ. ಗೆದ್ದೆ! ಹಾಗೆಂದು ಬರೆದುಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮೇ 18, ಬೆಳಗ್ಗೆ
ಅಕ್ಕನ ಫೋನು. "ಏಯ್, ಹಗ್ಗದ ತುಂಬ ಚಿಪ್ಪಿನ ಮರಿ ಕಣೇ! ಅಕ್ಕಿಕಾಳಿನಷ್ಟಿವೆ. ಬೆರಳಿಡೋಕೂ ಜಾಗ ಇಲ್ಲ!" ಅಳುತ್ತಿದ್ದಳೋ, ನಗುತ್ತಿದ್ದಳೋ.
ಹೊರಗೆ ಸಾಹೇಬರ ಸ್ಕೂಟರ್ ಹಾರ್ನು. ಅವರಿಗೂ ನೋಡಬೇಕಂತೆ, ಅಕ್ಕನ ಹತ್ತಿರ ಕ್ಷಮೆಯನ್ನೂ ಕೇಳಬೇಕಂತೆ. ಬಂದೆ ಸಾರ್, ಬಂದೆ... ಅಕ್ಕ ಏನಂದಳೆಂದು ಬಂದು ಬರೆ—